ಸೇತುವೆ ಬಂತು, ದಡ ಯಾರದು?

ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಸಿಗಂದೂರು ಬೋರ್ಡಿನ ಬಸ್ಸು ಹತ್ತುವವರಿಗೆ ಈಗ ಗಡಿಯಾರ ನೋಡುವ ಚಿಂತೆಯಿಲ್ಲ. ಮೊದಲೆಲ್ಲ ಹಾಗಿರಲಿಲ್ಲ. ಅಂಬಾರಗೋಡ್ಲಿಗೆ ಹೋಗಿ ಇಳಿಯಬೇಕು, ಲಾಂಚು ಆಚೆ ದಡದಲ್ಲಿದ್ದರೆ ಕಾಯಬೇಕು, ಬಂದ ಮೇಲೆ ನೂಕುನುಗ್ಗಲಿನಲ್ಲಿ ಹತ್ತಬೇಕು. ಸಂಜೆಯ ಕಡೇ ಲಾಂಚು ತಪ್ಪಿತೋ, ಈಚೆಯವರು ಈಚೆಗೆ, ಆಚೆಯವರು ಆಚೆಗೆ. ತುಮರಿ, ಬ್ಯಾಕೋಡು ಕಡೆಯವರು ಕಾಯಿಲೆಯವರನ್ನು ದಡದಲ್ಲಿ ಮಲಗಿಸಿಕೊಂಡು ಲಾಂಚಿನ ದಾರಿ ನೋಡಿದ್ದು ಒಂದೆರಡು ಸಲವಲ್ಲ.

2025ರ ಜುಲೈ 14ರಂದು ಆ ಕಾಯುವಿಕೆಗೆ ಮಂಗಳ ಹಾಡಿದ್ದಾಯಿತು. ಕೇಂದ್ರ ಸಚಿವ ನಿತಿನ್ ಗಡ್ಕರಿಯವರು ಬಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟಿಸಿದರು. ಉದ್ದ 2.44 ಕಿಲೋಮೀಟರು, ಖರ್ಚು ಸುಮಾರು 473 ಕೋಟಿ ರೂಪಾಯಿ. ಮುಖ್ಯಮಂತ್ರಿಗಳನ್ನು ಸರಿಯಾಗಿ ಕರೆಯಲಿಲ್ಲ ಎಂದು ಒಂದು ಕಡೆಯವರು, ಕರೆದಿದ್ದೆವು ಎಂದು ಇನ್ನೊಂದು ಕಡೆಯವರು ಎರಡು ದಿನ ಜಗಳವಾಡಿದರು. ಕರೂರು ಹೋಬಳಿಯ ಜನ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಅವರು ಬಸ್ಸು ಹತ್ತಿ ಸೇತುವೆ ನೋಡಿ ಬಂದರು.

ಈ ಸೇತುವೆಯ ಬಗ್ಗೆ ಯಾರೂ ಕೊಂಕು ಮಾತಾಡಬಾರದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದೆ ಸರಿದು ನಿಂತಾಗ ಊರು, ತೋಟ, ಗದ್ದೆ, ದೇವಸ್ಥಾನ ಎಲ್ಲ ನೀರಿಗೆ ಬಿಟ್ಟು ಗುಡ್ಡ ಹತ್ತಿದವರು ಈ ಜನ. ರಾಜ್ಯಕ್ಕೆ ದೀಪ ಹೊತ್ತಿಸಿ, ತಾವು ಅರವತ್ತು ವರ್ಷ ದ್ವೀಪದವರಂತೆ ಬದುಕಿದರು. ಅವರಿಗೆ ರಸ್ತೆ ಕೊಟ್ಟದ್ದು ಉಪಕಾರವಲ್ಲ, ಬಾಕಿ ತೀರಿಸಿದ್ದು.

ಆದರೆ ಲಾಂಚು ಜನರನ್ನು ದಾಟಿಸುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಅದಕ್ಕೆ ಆ ಕೆಲಸ ಯಾರೂ ವಹಿಸಿರಲಿಲ್ಲ, ಸಂಬಳವೂ ಇರಲಿಲ್ಲ. ಅದು ಬಾಗಿಲು ಕಾಯುತ್ತಿತ್ತು. ಒಂದು ಸಲಕ್ಕೆ ಲಾಂಚು ಹೊರುವಷ್ಟೇ ಕಾರು ಆಚೆಗೆ. ಕತ್ತಲಾದರೆ ಬಂದ್. ನೀರು ಇಳಿದ ವರ್ಷಗಳಲ್ಲಿ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. ಆಚೆ ದಡಕ್ಕೆ ದಿನಕ್ಕೆ ಎಷ್ಟು ಜನ, ಎಷ್ಟು ಗಾಡಿ, ಎಷ್ಟು ಹೊತ್ತು ಎಂಬುದನ್ನು ತೀರ್ಮಾನಿಸುತ್ತಿದ್ದುದು ಸರ್ಕಾರವಲ್ಲ, ಪಂಚಾಯ್ತಿಯಲ್ಲ, ಲಾಂಚಿನ ಹಲಗೆ. ಈಗ ಆ ಬಾಗಿಲು ಹಗಲೂ ರಾತ್ರಿ ತೆರೆದಿದೆ. ಶನಿವಾರ ಮಧ್ಯಾಹ್ನ ಬೆಂಗಳೂರು ಬಿಟ್ಟವರು ರಾತ್ರಿ ಊಟಕ್ಕೆ ಹಿನ್ನೀರ ದಡದಲ್ಲಿರಬಹುದು. ಅವರು ಬರಲಿ. ಬಂದವರಿಗೆ ಉಳಿಯಲು ಕೋಣೆ ಬೇಕು. ಕೋಣೆ ಕಟ್ಟುವವನಿಗೆ ನೀರು ಕಾಣುವ ಜಾಗವೇ ಬೇಕು. ನೀರಿಗೆ ಎಷ್ಟು ಹತ್ತಿರ ಕಟ್ಟಬಹುದು, ಎಷ್ಟು ಕೋಣೆ ಕಟ್ಟಬಹುದು, ಕಕ್ಕಸಿನ ಗುಂಡಿ ಎಲ್ಲಿ ತೋಡಬಹುದು ಎಂದು ಹೇಳುವವರು ಯಾರು?

ಕಡಲಿಗೊಂದು ಗೆರೆ, ಹಿನ್ನೀರಿಗೆ?

ಇದೇ ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಕೈಬೊಗಸೆಯಷ್ಟಾಗಿ ಹುಟ್ಟಿ, ಹೊಸನಗರ ಹಾದು, ಸಾಗರದಲ್ಲಿ ಸಮುದ್ರದಂತೆ ಹರಡಿ, ಜೋಗದಲ್ಲಿ 830 ಅಡಿ ಧುಮುಕಿ, ಒಟ್ಟು 128 ಕಿಲೋಮೀಟರು ಹರಿದು ಹೊನ್ನಾವರದಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಒಂದೇ ಹೊಳೆ. ಆದರೆ ಅದರ ಬುಡಕ್ಕೆ ಒಂದು ಕಾನೂನು, ತುದಿಗೆ ಇನ್ನೊಂದು.

ತುದಿಯಲ್ಲಿ, ಅಂದರೆ ಕಡಲ ದಡದಲ್ಲಿ, ಒಂದು ಗೆರೆ ಇದೆ. ಭಾರಿ ಉಬ್ಬರದಲ್ಲಿ ನೀರು ಎಲ್ಲಿಯವರೆಗೆ ಬರುತ್ತದೋ ಅದೇ ಗೆರೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1991ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಆ ಗೆರೆಯಿಂದ 500 ಮೀಟರು ಒಳಗಿನವರೆಗೆ ಕಟ್ಟುವ ಕೆಲಸಕ್ಕೆ ಲಗಾಮು ಹಾಕಿತು. ಹಳ್ಳಿಗಾಡಿನಲ್ಲಿ ಮೊದಲ 200 ಮೀಟರಿನೊಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ ಎಂದಿತು. 2011ರಲ್ಲಿ ಅದನ್ನು ತಿದ್ದಿ ಬರೆದರು. 2019ರಲ್ಲಿ ಮತ್ತೆ ಬರೆದು, ಜನ ದಟ್ಟವಾಗಿರುವ ಹಳ್ಳಿಗಳಲ್ಲಿ 200 ಮೀಟರನ್ನು 50ಕ್ಕೆ ಇಳಿಸಿದರು. ಮೀನುಗಾರರು ಬೈದುಕೊಂಡರು, ಹೋಟೆಲಿನವರು ಒಳಗೊಳಗೇ ನಕ್ಕರು. ಆದರೂ ಗೆರೆ ಎಂಬುದೊಂದು ಉಳಿದಿದೆ. ಗೋಕರ್ಣದಲ್ಲೋ ಹೊನ್ನಾವರದಲ್ಲೋ ಯಾರಾದರೂ ಮರಳಿನ ಮೇಲೆ ನಾಲ್ಕು ಕಂಬ ಊರಿದರೆ, 'ಸಿ.ಆರ್.ಝಡ್. ಅನುಮತಿ ಎಲ್ಲಿ?' ಎಂದು ಮೀನು ಹಿಡಿಯುವವನೂ ಕೇಳಬಹುದು. ಜಿಲ್ಲಾಧಿಕಾರಿಯವರ ನೇತೃತ್ವದ ಸಮಿತಿ ಇರಬೇಕು, ಅದರಲ್ಲಿ ಕಡಲಂಚಿನ ಸಾಂಪ್ರದಾಯಿಕ ಸಮುದಾಯದ ಮೂರು ಮಂದಿಯಾದರೂ ಇರಬೇಕು ಎಂದು ಅಧಿಸೂಚನೆಯಲ್ಲೇ ಬರೆದಿದೆ. ಸಮಿತಿ ಎಷ್ಟು ಚುರುಕು ಎಂಬುದು ಬೇರೆ ಮಾತು. ಕೇಳುವುದಕ್ಕೆ ಒಂದು ಜಾಗವಂತೂ ಇದೆ.

ಘಟ್ಟದ ಮೇಲಿನ ಹಿನ್ನೀರಿಗೆ ಅದೂ ಇಲ್ಲ. ಕರಾವಳಿ ಕಾನೂನು ಉಬ್ಬರ ಇಳಿತ ಇರುವ ನೀರಿಗೆ ಮಾತ್ರ. ಲಿಂಗನಮಕ್ಕಿಯ ನೀರು ಸುಮಾರು 300 ಚದರ ಕಿಲೋಮೀಟರು ಹರಡಿ, ಗುಡ್ಡದ ಸಂದಿಗೊಂದಿಯಲ್ಲೆಲ್ಲ ಬೆರಳು ಚಾಚಿ ಕೂತಿದೆ. ಅದಕ್ಕೆ ಇರುವ ಗೆರೆ ಒಂದೇ: 1819 ಅಡಿ. ಅದು ಅಣೆಕಟ್ಟು ತುಂಬುವ ಮಟ್ಟ. ಅದರ ಕೆಳಗೆ ವಿದ್ಯುತ್ ನಿಗಮದ್ದು. ಅದರ ಮೇಲೆ ಒಂದು ಕಡೆ ಅರಣ್ಯ, ಒಂದು ಕಡೆ ಕಂದಾಯ, ಒಂದು ಕಡೆ ಖಾಸಗಿ ತೋಟ. 1972ರಲ್ಲಿ ಶರಾವತಿ ಕಣಿವೆಯನ್ನು ವನ್ಯಧಾಮ ಮಾಡಿದರು, 2019ರಲ್ಲಿ ಅದನ್ನು ಸಿಂಗಳೀಕನ ಹೆಸರಿನಲ್ಲಿ ದೊಡ್ಡದು ಮಾಡಿದರು. ವನ್ಯಧಾಮದ ಒಳಗಿನ ದಡಕ್ಕೆ ಅರಣ್ಯ ಇಲಾಖೆಯ ಕಾವಲಿದೆ. ಹೊರಗಿನ ದಡಕ್ಕೆ?

ಹೊರಗಿನ ದಡದಲ್ಲಿ ನೀರಿಂದ ಇಷ್ಟು ದೂರ ಬಿಟ್ಟು ಕಟ್ಟು ಎನ್ನುವ, ಕರಾವಳಿಯ ಹಾಗಿನ ನಿಯಮ ಸಿಹಿನೀರಿಗೆ ಇಲ್ಲ. ಬೆಂಗಳೂರಿನ ಕೆರೆಗಳಿಗೆ 2016ರಲ್ಲಿ ಹಸಿರು ನ್ಯಾಯಮಂಡಳಿ 75 ಮೀಟರಿನ ಗೆರೆ ಎಳೆದಿತ್ತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಅಳಿಸಿತು. ನಗರ ಯೋಜನೆಯಲ್ಲಿ ಬರೆದದ್ದನ್ನು ನ್ಯಾಯಮಂಡಳಿ ತಿದ್ದಲು ಬರುವುದಿಲ್ಲ ಎಂಬುದು ಕಾರಣ. ಅಂದರೆ ಗೆರೆ ಎಳೆಯಬೇಕಾದವರು ಮೊದಲೇ ಎಳೆದಿರಬೇಕು. ಕಾಟೇಜು ಎದ್ದ ಮೇಲೆ ಕೋರ್ಟಿಗೆ ಓಡಿದರೆ ವಕೀಲರಿಗೆ ಲಾಭ.

ದೊಡ್ಡ ಯೋಜನೆಯಾದರೆ ಊರವರ ಮಾತು ಕೇಳುವ ಪದ್ಧತಿ ಇದೆ. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ 2025ರ ಸೆಪ್ಟೆಂಬರಿನಲ್ಲಿ ಕಾರ್ಗಲ್‌ನಲ್ಲೂ ಗೇರುಸೊಪ್ಪೆಯಲ್ಲೂ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಜನ ಸಾಲುಗಟ್ಟಿ ಬಂದು ಬೇಡ ಎಂದರು. ಅದೇ ಹತ್ತು ಕಾಟೇಜಿನ ರೆಸಾರ್ಟಿಗೆ ಅಹವಾಲು ಸಭೆ ಇಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಕಟ್ಟಡ 20 ಸಾವಿರ ಚದರ ಮೀಟರು ದಾಟಿದರೆ ಮಾತ್ರ ಪರಿಸರ ಅನುಮತಿಯ ಪ್ರಶ್ನೆ. ಹಿನ್ನೀರ ದಡದಲ್ಲಿ ಅಷ್ಟು ದೊಡ್ಡದನ್ನು ಯಾರು ಕಟ್ಟುತ್ತಾರೆ? ಇವತ್ತು ನಾಲ್ಕು, ಬರುವ ವರ್ಷ ಆರು, ಪಕ್ಕದವನದು ಎಂಟು. ಒಂದೊಂದೂ ಚಿಕ್ಕದು, ಒಟ್ಟು ಸೇರಿದರೆ ಒಂದು ಪೇಟೆ. ಕೊನೆಗೆ ಆ ಪೇಟೆಗೂ ನೀರಿಗೂ ನಡುವೆ ನಿಲ್ಲುವುದು ಗ್ರಾಮ ಪಂಚಾಯ್ತಿಯ ಒಂದು ರಬ್ಬರ್ ಸ್ಟ್ಯಾಂಪು.

ಕಾಗೋಡಿನಿಂದ ಕಾಟೇಜಿನವರೆಗೆ

ಜಮೀನು ಕೈಬದಲಾಗುವ ಬಗೆ ಹೇಗೆ ಎಂದು ಅಂಗಡಿ ಬಾಗಿಲಲ್ಲಿ ಕೂತವರಿಗೆ ಹೇಳಿಕೊಡಬೇಕಾಗಿಲ್ಲ. ಆದರೂ ಹಿಂದಿನದನ್ನು ಒಮ್ಮೆ ನೆನೆಯಬೇಕು. 1951ರಲ್ಲಿ ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. 1974ರಲ್ಲಿ ದೇವರಾಜ ಅರಸರ ಸರ್ಕಾರ ಉಳುವವನಿಗೆ ಹೊಲ ಕೊಟ್ಟಿತು. ಬೇಸಾಯ ಮಾಡದವನು ಬೇಸಾಯದ ಜಮೀನು ಕೊಳ್ಳದಂತೆ 79ಎ, 79ಬಿ ಎಂಬ ಕಲಮುಗಳು ಭೂಸುಧಾರಣೆ ಕಾಯ್ದೆಯಲ್ಲಿದ್ದವು. 2020ರಲ್ಲಿ ಅವನ್ನು ತೆಗೆದುಹಾಕಿದರು. ರೈತನಿಗೆ ಒಳ್ಳೆ ಬೆಲೆ ಸಿಗುತ್ತದೆ ಎಂಬುದು ಸರ್ಕಾರ ಕೊಟ್ಟ ಕಾರಣ. ಬೆಲೆ ಸಿಗುತ್ತದೆ ನಿಜ. ಕೊಳ್ಳುವವನು ಅಡಿಕೆ ಸಸಿ ನೆಡಲು ಬರುತ್ತಾನೋ, ಈಜುಕೊಳ ತೋಡಲು ಬರುತ್ತಾನೋ ಎಂದು ಕೇಳುವ ಕಲಮು ಮಾತ್ರ ಹೋಯಿತು.

ಕೊಂಡ ಮೇಲೆ ಭೂಪರಿವರ್ತನೆ. ಅದು ಜಿಲ್ಲಾಧಿಕಾರಿ ಕಚೇರಿಯ ಕೆಲಸ. ಆಮೇಲೆ ಪಂಚಾಯ್ತಿಗೆ ಬಂದು ನಮೂನೆ 9, ನಮೂನೆ 11, ಕಟ್ಟಡ ಪರವಾನಗಿ, ವ್ಯಾಪಾರ ಪರವಾನಗಿ. ಕಾಗದ ಸರಿಯಿದ್ದವನಿಗೆ ಇದೆಲ್ಲ ಸಲೀಸು. ವಿಚಿತ್ರವೆಂದರೆ ಅದೇ ದಡದ ಮೇಲೆ, ಮುಳುಗಡೆಯಾಗಿ ಮೇಲೆ ಬಂದು ಕೂತ ಸಂಸಾರಗಳಿಗೆ ಕಾಗದವೇ ಸರಿಯಿಲ್ಲ. ತಾವಿರುವ ಜಾಗ ಅರಣ್ಯವೋ ಕಂದಾಯವೋ ಎಂಬ ಪ್ರಶ್ನೆ ಎರಡು ತಲೆಮಾರು ದಾಟಿದರೂ ಬಗೆಹರಿಯದೆ, ಹಟ್ಟಿಗೆ ಹೆಂಚು ಹೊದಿಸಲೂ ಹೆದರುವವರಿದ್ದಾರೆ. ನೀರಿಗೆ ಮನೆ ಕೊಟ್ಟವನಿಗೆ ಹಕ್ಕುಪತ್ರ ಇಲ್ಲ, ನೀರು ನೋಡಲು ಬಂದವನಿಗೆ ಇ-ಸ್ವತ್ತು ಇದೆ. ಈ ಅಸಮಾಧಾನ ಬಸ್ಸಿನಲ್ಲಿ ಸಣ್ಣ ದನಿಯಲ್ಲಿ ಕೇಳಿಬರುತ್ತದೆ. 'ಎಂತ ಮಾಡದು ಮಾರಾಯ್ರೇ, ದುಡ್ಡಿದ್ದವ್ರಿಗೆ ಎಲ್ಲ ಆಗ್ತದೆ' ಎಂಬಲ್ಲಿಗೆ ಮಾತು ನಿಲ್ಲುತ್ತದೆ, ಕಂಡಕ್ಟರು ಟಿಕೇಟಿಗೆ ಬರುತ್ತಾನೆ.

ಇಲ್ಲಿ ಒಂದು ವಿವೇಕ ಬೇಕು. ಪ್ರವಾಸಿಗರೆಂದರೆ ಕೇಡು ಎಂದು ಸಾರಾಸಗಟಾಗಿ ಹೇಳುವುದು ತಪ್ಪು. ಮನೆಯವರು ಮನೆಯಲ್ಲೇ ಇದ್ದು, ಮೂರು ನಾಲ್ಕು ಕೋಣೆ ಬಿಟ್ಟುಕೊಟ್ಟು, ಕಡುಬು ಕೊಟ್ಟು, ಅಪ್ಪೆಹುಳಿ ಬಡಿಸುವ ಹೋಂಸ್ಟೇ ಇದೆಯಲ್ಲ, ಅದರಿಂದ ಊರಿಗೆ ನಾಲ್ಕು ಕಾಸು ಬರುತ್ತದೆ. ಅವರು ಅಕ್ಕಿ ಬೇಳೆ ತರುವುದು ಪಕ್ಕದ ಅಂಗಡಿಯಿಂದ, ಹಾಲು ಪಕ್ಕದ ಮನೆಯಿಂದ. ಅಡಿಕೆಗೆ ಎಲೆಚುಕ್ಕಿ ರೋಗ ಬಡಿದ ವರ್ಷಗಳಲ್ಲಿ ಎಷ್ಟೋ ಸಂಸಾರಗಳಿಗೆ ಅದು ಆಸರೆ. ಹೋಂಸ್ಟೇ ಎಂಬ ಬೋರ್ಡು ಹಾಕಿ ಇಪ್ಪತ್ತು ಕೋಣೆ ನಡೆಸುವವರ ಲೆಕ್ಕ ಬೇರೆ. ಯಜಮಾನ ಹೊರಗಿನವನು, ಸಾಮಾನು ದೊಡ್ಡ ಪೇಟೆಯಿಂದ ಲಾರಿಯಲ್ಲಿ, ಗಿರಾಕಿ ಗೇಟಿನೊಳಗೇ ತಿಂದು ಗೇಟಿನೊಳಗೇ ಕುಡಿದು ಹೋಗುತ್ತಾನೆ. ಊರ ಅಂಗಡಿಗೆ ಬರುವುದು ಬೆಂಕಿಪೊಟ್ಟಣದ ವ್ಯಾಪಾರ. ಊರ ಹಳ್ಳಕ್ಕೆ ಬರುವುದು ಬಾಟಲಿ. ಕಳಸವಳ್ಳಿ ದಡದಲ್ಲಿ ಲಾಂಚು ಕಾಯುವವರಿಗೆ ಚಹಾ, ಮಂಡಕ್ಕಿ, ಸೋಡಾ ಮಾರಿ ಬದುಕುತ್ತಿದ್ದವರನ್ನು ಕೇಳಿ. ಕಾಯುವವರೇ ಇಲ್ಲದ ಮೇಲೆ ಅಂಗಡಿಗೆ ಗಿರಾಕಿ ಎಲ್ಲಿಂದ? ಪ್ರವಾಸ ಬೆಳೆದರೆ ವ್ಯಾಪಾರ ತಾನಾಗಿ ಬೆಳೆಯುತ್ತದೆ ಎಂಬ ಭಾಷಣದಲ್ಲಿ ಈ ಲೆಕ್ಕ ಸೇರುವುದಿಲ್ಲ.

ಮರಡು ಪಂಚಾಯ್ತಿಯ ಕತೆ

ಪಂಚಾಯ್ತಿಯ ಒಂದು ಸಹಿ ಎಷ್ಟು ತೂಗುತ್ತದೆ ಎಂಬುದಕ್ಕೆ ಕೇರಳದ ಕತೆ ಕೇಳಬೇಕು. ಕೊಚ್ಚಿ ಪಕ್ಕದ ಮರಡು ಆಗ ಗ್ರಾಮ ಪಂಚಾಯ್ತಿ. 2006ರಲ್ಲಿ ಅದು ಹಿನ್ನೀರ ದಡದಲ್ಲಿ ಬಹುಮಹಡಿ ವಸತಿ ಕಟ್ಟಡಗಳಿಗೆ ಪರವಾನಗಿ ಕೊಟ್ಟಿತು. ಜಾಗ ಕರಾವಳಿ ನಿಯಂತ್ರಣ ವಲಯದೊಳಗಿತ್ತು. ರಾಜ್ಯದ ಕರಾವಳಿ ಪ್ರಾಧಿಕಾರವನ್ನು ಕೇಳಬೇಕಿತ್ತು, ಕೇಳಲಿಲ್ಲ. ಮರುವರ್ಷ ತಪ್ಪು ಗೊತ್ತಾಗಿ ಪಂಚಾಯ್ತಿಯೇ ನೋಟೀಸು ಕೊಟ್ಟಿತು. ಕಟ್ಟುವವರು ಕೋರ್ಟಿಗೆ ಹೋದರು. ಕಟ್ಟಡ ಏರುತ್ತಲೇ ಹೋಯಿತು, ಜನ ದುಡ್ಡು ಕೊಟ್ಟು ಮನೆ ಕೊಂಡು ಸಂಸಾರ ಹೂಡಿದರು.

2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಒಡೆಯಿರಿ ಎಂದಿತು. 2020ರ ಜನವರಿ 11 ಮತ್ತು 12ರಂದು ನಾಲ್ಕು ಕಟ್ಟಡ ಸಮುಚ್ಚಯಗಳಿಗೆ ಮದ್ದು ತುಂಬಿ, ಕ್ಷಣಾರ್ಧದಲ್ಲಿ ಮಣ್ಣುಪಾಲು ಮಾಡಿದ್ದನ್ನು ದೇಶವೆಲ್ಲ ಟೀವಿಯಲ್ಲಿ ನೋಡಿತು. ಮುನ್ನೂರಕ್ಕೂ ಹೆಚ್ಚು ಮನೆ. ಸದ್ಯಕ್ಕೆ ಪರಿಹಾರ ಎಂದು ಮಾಲೀಕರಿಗೆ 25 ಲಕ್ಷ ರೂಪಾಯಿಯಂತೆ ಮೊದಲು ಕೊಡಬೇಕಾಗಿ ಬಂದದ್ದು ರಾಜ್ಯ ಸರ್ಕಾರಕ್ಕೆ. ಪರವಾನಗಿ ಕೊಟ್ಟ ಕಾಲದ ಪಂಚಾಯ್ತಿ ಕಾರ್ಯದರ್ಶಿಯನ್ನೂ ಪೊಲೀಸರು ಬಂಧಿಸಿದರು. ವೇಂಬನಾಡು ಹಿನ್ನೀರಿನ ನೆಡಿಯತುರುತ್ತು ದ್ವೀಪದ ರೆಸಾರ್ಟಿಗೂ ಅದೇ ಗತಿ. ಮೀನುಗಾರರು ಹಟ ಹಿಡಿದು ದೂರು ಕೊಟ್ಟರು, 2020ರಲ್ಲಿ ತೀರ್ಪು ಬಂತು, 2022ರಲ್ಲಿ ಕೆಡವಲು ಶುರುಮಾಡಿದರು.

ಕಡಲ ಕಡೆ ಇಷ್ಟಾದರೂ ಆಯಿತು, ಏಕೆಂದರೆ ಅಲ್ಲಿ ಗೆರೆ ಇತ್ತು. ಗೆರೆ ದಾಟಿದ್ದಾನೆ ಎಂದು ಕೋರ್ಟಿಗೆ ತೋರಿಸಬಹುದಿತ್ತು. ಶರಾವತಿ ಹಿನ್ನೀರಿನಲ್ಲಿ ಅದೇ ಕಟ್ಟಡ ಎದ್ದರೆ ಯಾವ ಗೆರೆ ತೋರಿಸುವುದು?

ದುಡ್ಡಿದ್ದಲ್ಲಿ ಪ್ರಾಧಿಕಾರ, ಕಸವಿದ್ದಲ್ಲಿ ಪಂಚಾಯ್ತಿ

ಪಂಚಾಯ್ತಿಯವರನ್ನು ಕೇಳಿದರೆ 'ನಮ್ಮ ಕೈಲೇನಿದೆ ಸ್ವಾಮಿ' ಎನ್ನುತ್ತಾರೆ. ಪೂರ್ತಿ ಸುಳ್ಳಲ್ಲ. ಜೋಗಕ್ಕೆ ಜೋಗ ನಿರ್ವಹಣಾ ಪ್ರಾಧಿಕಾರವಿದೆ. ಕೊಡಚಾದ್ರಿ 1974ರಿಂದ ಮೂಕಾಂಬಿಕಾ ವನ್ಯಧಾಮ, ಗೇಟು ಅರಣ್ಯ ಇಲಾಖೆಯದು. ಟಿಕೇಟು ಹರಿಯುವಲ್ಲಿ ಮೇಲಿನವರು ಕೂತಿರುತ್ತಾರೆ. ನಿಟ್ಟೂರು, ಸಂಪೆಕಟ್ಟೆ ಕಡೆ ಜೀಪುಗಳ ಧೂಳು, ಎಸೆದುಹೋದ ನೀರಿನ ಬಾಟಲಿ, ಮೋರಿ ಕಟ್ಟಿಕೊಂಡ ಪ್ಲಾಸ್ಟಿಕ್ಕು ಇವೆಲ್ಲ ಊರಿನ ಪಾಲಿಗೆ. ಆಗುಂಬೆಯಲ್ಲೂ ಅಷ್ಟೇ. ಸೂರ್ಯಾಸ್ತ ನೋಡಿದವರು ಘಟ್ಟ ಇಳಿದು ಉಡುಪಿಗೆ ಹೋಗುತ್ತಾರೆ, ಕುರುಕಲು ತಿಂಡಿಯ ಪೊಟ್ಟಣ ಮಂಗಗಳಿಗೆ ಉಳಿಯುತ್ತದೆ. ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆ ಜಾತ್ರೆ ಮುಗಿದ ಮರುದಿನ ತುಂಗೆಯ ದಡದಲ್ಲಿ ಪೊರಕೆ ಹಿಡಿಯುವವರು ಪಟ್ಟಣ ಪಂಚಾಯ್ತಿಯ ನೌಕರರೇ ಹೊರತು ಪ್ರವಾಸೋದ್ಯಮ ಇಲಾಖೆಯವರಲ್ಲ.

ಜೋಗದಲ್ಲಿ ನಡೆದದ್ದನ್ನು ನೋಡಿ. ಮುಖ್ಯದ್ವಾರದ ಕಾಮಗಾರಿ ಎಂದು 2025ರ ಜನವರಿ ಒಂದರಿಂದ ಪ್ರವೇಶ ಬಂದ್ ಮಾಡಿದರು. ಮೊದಲು ಮಾರ್ಚಿನವರೆಗೆ ಎಂದರು, ಆಮೇಲೆ ಏಪ್ರಿಲಿನವರೆಗೆ ಎಂದರು. ಮಳೆಗಾಲಕ್ಕೆ ಮೊದಲು ನಾಲ್ಕು ಕಾಸು ಮಾಡಿಕೊಳ್ಳುವ ಗೂಡಂಗಡಿಯವರು ಆ ತಿಂಗಳುಗಳನ್ನು ಹೇಗೆ ತಳ್ಳಿದರೆಂಬುದು ಯಾವ ಕಡತದಲ್ಲೂ ಸಿಗುವುದಿಲ್ಲ. ಜಲಪಾತದ ಬಾಗಿಲು ಹಾಕುವುದು ತೆಗೆಯುವುದು ಅಲ್ಲಿ ಅಂಗಡಿ ಇಟ್ಟವನ ಕೈಲೂ ಇಲ್ಲ, ಅವನು ಓಟು ಹಾಕಿ ಕಳಿಸಿದವರ ಕೈಲೂ ಇಲ್ಲ.

ಸಂವಿಧಾನದಲ್ಲೂ ಒಂದು ತಮಾಷೆ ಇದೆ. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ಪಂಚಾಯ್ತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹನ್ನೊಂದನೇ ಅನುಸೂಚಿಯಲ್ಲಿ ಪಟ್ಟಿ ಮಾಡಿತು. ಕುಡಿಯುವ ನೀರಿದೆ, ಸಂತೆ ಜಾತ್ರೆಯಿದೆ, ಸಾಮಾಜಿಕ ಅರಣ್ಯವಿದೆ. ಪರಿಸರ ರಕ್ಷಣೆ ಎಂಬ ಮಾತಿಲ್ಲ. ಅದೇ ನಗರಗಳಿಗೆ ಮಾಡಿದ ಹನ್ನೆರಡನೇ ಅನುಸೂಚಿಯಲ್ಲಿ ಪರಿಸರ ರಕ್ಷಣೆ ಇದೆ. ಅಂದರೆ ಸಾಗರದ ನಗರಸಭೆಯಲ್ಲಿ ಪರಿಸರದ ಮಾತಾಡಲು ಆಧಾರವಿದೆ, ಸುತ್ತ ಕಾಡು ನೀರು ಬಿಟ್ಟರೆ ಇನ್ನೇನೂ ಇಲ್ಲದ ತುಮರಿಯಲ್ಲಿ ಇಲ್ಲ. ಪ್ರವಾಸೋದ್ಯಮ ಎರಡರಲ್ಲೂ ಇಲ್ಲ. ಪಟ್ಟಿ ಬರೆದ ಕಾಲದಲ್ಲಿ ಹಳ್ಳಿಗೆ ಪ್ರವಾಸಿಗರು ಬರುತ್ತಾರೆ ಎಂದು ದೆಹಲಿಯವರಿಗೆ ಹೊಳೆದಿರಲಿಕ್ಕಿಲ್ಲ.

ಹಾಗಂತ ಕೈಕಟ್ಟಿ ಕೂರುವಂತೆಯೂ ಇಲ್ಲ. ಕಟ್ಟಡ ಪರವಾನಗಿ ಪಂಚಾಯ್ತಿಯದು. ವ್ಯಾಪಾರ ಪರವಾನಗಿ ಪಂಚಾಯ್ತಿಯದು. ನೈರ್ಮಲ್ಯ, ಕಸ, ಮನೆಗಂದಾಯ ಪಂಚಾಯ್ತಿಯದು. ಇದಲ್ಲದೆ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ ಪ್ರಾಣಿ ಪಕ್ಷಿ ನೀರಿನ ದಾಖಲೆ ಪುಸ್ತಕ ಇರಬೇಕು. ಹೆಚ್ಚಿನ ಕಡೆ ಪುಸ್ತಕ ಬೀರುವಿನಲ್ಲಿದೆ, ಸಮಿತಿ ಕಾಗದದಲ್ಲಿದೆ. ಆದರೆ ಅದೇ ಕಾಯ್ದೆಯ ಬಲದಿಂದ ಸಾಗರ ತಾಲ್ಲೂಕಿನ ಅಂಬಾರಗುಡ್ಡ ಉಳಿದದ್ದನ್ನು ಮರೆಯಬಾರದು. ಗಣಿಗಾರಿಕೆ ಬೇಡ ಎಂದು ಅಲ್ಲಿನ ಜನ ಎದ್ದು ನಿಂತರು. 2011ರಲ್ಲಿ 3857 ಹೆಕ್ಟೇರು ಗುಡ್ಡವನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಸರ್ಕಾರ ಘೋಷಿಸಿತು. ಅಂಥ ತಾಣ ಘೋಷಿಸುವ ಮುಂಚೆ ಸ್ಥಳೀಯ ಸಂಸ್ಥೆಗಳೊಂದಿಗೆ ಸಮಾಲೋಚಿಸಬೇಕು ಎಂದು ಕಾಯ್ದೆಯಲ್ಲೇ ಇದೆ. ಗುಡ್ಡ ಉಳಿಸಲು ಬಂದ ದಾರಿ ದಡ ಉಳಿಸಲೂ ಬರುತ್ತದೆ.

ಗೆರೆ ಎಂದರೆ ಬೆಚ್ಚಿಬೀಳುವವರು

ಮಲೆನಾಡಿನಲ್ಲಿ ಗೆರೆಯ ಮಾತೆತ್ತಿದರೆ ರೈತ ಹೆದರುತ್ತಾನೆ. ಕಾರಣವಿದೆ. 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ ಪಶ್ಚಿಮಘಟ್ಟದ ಬಗ್ಗೆ ವರದಿ ಕೊಟ್ಟಾಗ, ಎಲ್ಲಿ ಏನಿರಬೇಕು ಎಂಬ ತೀರ್ಮಾನ ಗ್ರಾಮಸಭೆಗಳಿಂದ ಮೇಲಕ್ಕೆ ಬರಲಿ ಎಂದು ಹೇಳಿತ್ತು. ಅದನ್ನು ಮೂಲೆಗೆ ಹಾಕಿದರು. 2013ರಲ್ಲಿ ಕಸ್ತೂರಿರಂಗನ್ ಸಮಿತಿ ಉಪಗ್ರಹದ ಚಿತ್ರ ನೋಡಿ ಹಳ್ಳಿಗಳ ಪಟ್ಟಿ ಮಾಡಿತು. ಆಕಾಶದಿಂದ ನೋಡಿದರೆ ಅಡಿಕೆ ತೋಟವೂ ಹಸಿರೇ, ಕಾನೂ ಹಸಿರೇ, ಸೊಪ್ಪಿನಬೆಟ್ಟವೂ ಹಸಿರೇ. ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳು ಪಟ್ಟಿಯಲ್ಲಿ ಬಂದವು. ಪಂಚಾಯ್ತಿಗಳು ವಿರೋಧದ ಠರಾವು ಪಾಸು ಮಾಡಿದವು. 2024ರ ಜುಲೈ ಕೊನೆಗೆ ಕೇಂದ್ರ ಆರನೇ ಸಲ ಕರಡು ಹೊರಡಿಸಿತು, ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಬೇಡ ಎಂದಿತು.

ಊರವರನ್ನು ಕೇಳಿ ಎಂದ ವರದಿ ಹೋಯಿತು, ಕೇಳದೆ ಬರೆದ ವರದಿಗೆ ಜಗಳ ಉಳಿಯಿತು. ಈ ಗಲಾಟೆಯಲ್ಲಿ ಒಬ್ಬನಿಗೆ ಮಾತ್ರ ಸುಖ. ದರಖಾಸ್ತು ಜಮೀನಿನ ರೈತ ಮುಂದೆ ನಿಂತು ಘೋಷಣೆ ಕೂಗುತ್ತಾನೆ, ಅವನ ಬೆನ್ನ ಹಿಂದೆ ರೆಸಾರ್ಟಿನ ಧಣಿ ನೆರಳಲ್ಲಿ ನಿಲ್ಲುತ್ತಾನೆ. ಹಟ್ಟಿಗೂ ಹೆಂಚಿಗೂ ತೊಂದರೆ ಕೊಡದೆ, ನೀರಂಚಿನ ವ್ಯಾಪಾರದ ಕಟ್ಟಡಕ್ಕೆ ಮಾತ್ರ ಅನ್ವಯವಾಗುವ ಗೆರೆಯೊಂದನ್ನು ಗ್ರಾಮಸಭೆಯೇ ಎಳೆದರೆ ರೈತನಿಗೆ ಏನು ನಷ್ಟ? ಅವನ ಬಾವಿಗೆ, ಅವನ ಮೀನಿಗೆ ಲಾಭವೇ. ಹಿನ್ನೀರಿನಲ್ಲಿ ಬಲೆ ಬೀಸಿ ಬದುಕುವ ಸಂಸಾರಗಳಿವೆ ಎಂಬುದು ಕಾಟೇಜಿನ ಜಾಹೀರಾತಿನಲ್ಲಿ ಕಾಣುವುದಿಲ್ಲ.

ಇದು ಕಷ್ಟದ ಕೆಲಸವೂ ಅಲ್ಲ. 1819 ಅಡಿ ಎಲ್ಲಿ ಬರುತ್ತದೆಂದು ನಿಗಮದ ದಾಖಲೆಯಲ್ಲಿದೆ. ಅಲ್ಲಿಂದ ಇಷ್ಟು ದೂರದೊಳಗೆ ವಾಣಿಜ್ಯ ಕಟ್ಟಡಕ್ಕೆ ಅರ್ಜಿ ಬಂದರೆ ಸ್ಥಳ ನೋಡದೆ, ಕೊಳಚೆ ನೀರು ಎಲ್ಲಿಗೆ ಹೋಗುತ್ತದೆಂದು ತಿಳಿಯದೆ ಪರವಾನಗಿ ಇಲ್ಲ ಎಂದು ಪಂಚಾಯ್ತಿ ಠರಾವು ಮಾಡಬಹುದು. ಒಂದು ಪಂಚಾಯ್ತಿಯ ಠರಾವನ್ನು ಕೋರ್ಟಿನಲ್ಲಿ ಅಲುಗಾಡಿಸಬಹುದು. ಆದ್ದರಿಂದ ಜಿಲ್ಲಾ ಪಂಚಾಯ್ತಿ ಒಂದೇ ಮಾದರಿ ಮಾಡಿ ಸರ್ಕಾರದ ಒಪ್ಪಿಗೆ ತಂದು ಎಲ್ಲ ದಡದ ಪಂಚಾಯ್ತಿಗಳಿಗೂ ಕೊಡಬೇಕು. ಕಂದಾಯ ಬೇಕೆಂಬ ಆಸೆಗೆ ಒಬ್ಬರು ಬಾಗಿಲು ತೆರೆದರೆ ಪಕ್ಕದವರ ಬಿಗಿ ದಂಡವಾಗುತ್ತದೆ. ಹೊಸನಗರದ ದಡದಲ್ಲಿ ಕೊಳೆತದ್ದು ಸಾಗರದ ದಡಕ್ಕೆ ತೇಲಿ ಬರುತ್ತದೆ, ನೀರಿಗೆ ತಾಲ್ಲೂಕಿನ ಗಡಿ ತಿಳಿಯದು.

ಆದರೆ ಜಿಲ್ಲಾ ಪಂಚಾಯ್ತಿ ಎಲ್ಲಿದೆ? 2016ರ ಫೆಬ್ರವರಿಯಲ್ಲಿ ಆರಿಸಿ ಬಂದ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಳು ಉರುಳಿದವು, 2025 ಮುಗಿದರೂ ಚುನಾವಣೆ ಆಗಲಿಲ್ಲ. ಸೇತುವೆ ಉದ್ಘಾಟನೆಯಾದ ದಿನ ಆ ಎರಡೂ ಮಟ್ಟದಲ್ಲಿ ಜನ ಆರಿಸಿದ ಒಬ್ಬ ಸದಸ್ಯನೂ ಕುರ್ಚಿಯಲ್ಲಿರಲಿಲ್ಲ. 1987ರ ಕಾಲ ಕಂಡ ಹಿರಿಯರಿಗೆ ಇದು ಹೆಚ್ಚು ಚುಚ್ಚುತ್ತದೆ. ನಜೀರ್ ಸಾಬರ ಕಾಯ್ದೆ ಬಂದು ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ತು ಹುಟ್ಟಿದಾಗ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಟ್ಟಿದ್ದರು, ದೊಡ್ಡ ಅಧಿಕಾರಿಗಳು ಎದ್ದು ನಿಲ್ಲುತ್ತಿದ್ದರು. ಈಗ ಎದ್ದು ನಿಲ್ಲಲು ಎದುರಿಗೆ ಯಾರೂ ಇಲ್ಲ. ಮೇಲೆ ಶಾಸಕರು, ಕೆಳಗೆ ಗ್ರಾಮ ಪಂಚಾಯ್ತಿ, ನಡುವೆ ಖಾಲಿ. ಎಷ್ಟೋ ಜನಕ್ಕೆ ಈ ಖಾಲಿ ಅನುಕೂಲವಾಗಿಯೇ ಇದೆ.

ಹೊಸನಗರ ಕಡೆಯವರಿಗೆ ಇನ್ನೊಂದು ಮಾತು. ಹಸಿರುಮಕ್ಕಿಯಲ್ಲೂ ಲಾಂಚಿನ ದಾರಿಯಲ್ಲಿ ಸೇತುವೆಯ ಕಂಬಗಳು ನೀರಿನಿಂದ ಮೇಲೆದ್ದಿವೆ. ಕೊಲ್ಲೂರಿಗೆ ಹೋಗುವವರಿಗೆ ಅದು ಹತ್ತಿರದ ದಾರಿ. ಕಳಸವಳ್ಳಿಯಲ್ಲಿ ಸೇತುವೆ ಮೊದಲು ಬಂತು, ಯೋಚನೆ ಆಮೇಲೆ. ಹಸಿರುಮಕ್ಕಿಯ ಎರಡೂ ದಡದ ಪಂಚಾಯ್ತಿಗಳಿಗೆ ಕಳಸವಳ್ಳಿ ಕಣ್ಣೆದುರಿಗೇ ಇದೆ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಕಾಯ್ದೆ ಹೇಳುತ್ತದೆ. ಮಾಮೂಲಾಗಿ ಅಲ್ಲಿ ಮನೆ, ಬೀದಿದೀಪ, ರಸ್ತೆಗುಂಡಿಯ ಮಾತಾಗಿ ಚಹಾ ಬರುತ್ತದೆ, ಸಭೆ ಮುಗಿಯುತ್ತದೆ. ಅಲ್ಲಿಗೆ ಹೋಗಲು ಪುರುಸೊತ್ತಿಲ್ಲದ ಅಂಗಡಿಯವರಿಗೆ ಇನ್ನೊಂದು ಉಪಾಯವಿದೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ಕೇಳಬೇಕಾದದ್ದು ಒಂದೇ ಸಾಲು: '2025ರ ಜುಲೈ 14ರ ನಂತರ ಈ ಪಂಚಾಯ್ತಿ ಹಿನ್ನೀರ ದಡದ ಸರ್ವೆ ನಂಬರುಗಳಲ್ಲಿ ಯಾರು ಯಾರಿಗೆ ಕಟ್ಟಡ ಪರವಾನಗಿ ಕೊಟ್ಟಿದೆ?' ಉತ್ತರ ಕೊಡಲು ಅವರಿಗೆ ಮೂವತ್ತು ದಿನ.